ಗಾಳಿಯಿಲ್ಲದ ಕೋಣೆಯಲ್ಲಿ ಬಾಗಿದ ಉರಿ

ಇಂಥ ಸಂಗತಿಯನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ನಂಬದೆ ಸುಮ್ಮನಿರುವ ಸ್ವಭಾವವೂ ನನ್ನದಲ್ಲ. ಹೇಳಿದವರನ್ನು ಎದುರಿಗೆ ಕೂಡ್ರಿಸಿಕೊಂಡು, ಆಗ ಕಿಟಕಿ ತೆರೆದಿತ್ತೇ, ಊಟ ಮಾಡಿದ್ದಿರಾ, ಹಿಂದಿನ ದಿನ ನಿದ್ದೆಯಾಗಿತ್ತೇ ಎಂದು ಕೇಳಿ ಕೇಳಿ, ಅವರೇ ಬೇಸತ್ತು "ನನಗ ಹಂಗ ಕಂಡಿರಬೇಕು ಬಿಡ್ರಿ" ಎನ್ನುವ ತನಕ ಬಿಡುತ್ತಿರಲಿಲ್ಲ. ಧಾರವಾಡದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮಾಡುವಾಗ ಹತ್ತಿದ ಚಟ ಇದು. ಆ ವರ್ಷ ರಜೆಗೆ ಲಕ್ಷ್ಮೇಶ್ವರಕ್ಕೆ ಬಂದಾಗ ನಮ್ಮ ಓಣಿಯ ಒಬ್ಬರಿಗೆ ಮೈಮೇಲೆ ದೇವರು ಬರುತ್ತದೆಂದು ಕೇಳಿ, ಜ್ವರ ಎಷ್ಟಿದೆ ನೋಡೋಣವೆಂದು ಥರ್ಮಾಮೀಟರ್ ಹಿಡಿದು ಹೋಗಿದ್ದೆ. ಅಷ್ಟು ದೊಡ್ಡವನಾದ ನನ್ನನ್ನು ಅವ್ವ ರಟ್ಟೆ ಹಿಡಿದು ಎಳೆದುಕೊಂಡು ಬಂದಿದ್ದಳು.

ಅದೇ ಪ್ರಶ್ನೆಗಳನ್ನು ಈಗ ನೀವು ನನಗೆ ಕೇಳಬಹುದು. ಕಿಟಕಿ ಮುಚ್ಚಿತ್ತು. ಊಟವಾಗಿತ್ತು. ನಿದ್ದೆಯೂ ಆಗಿತ್ತು. ಆದರೂ ನಡೆದದ್ದನ್ನು ನಡೆದಂತೆಯೇ ಹೇಳುತ್ತಿದ್ದೇನೆಂದು ಆಣೆ ಮಾಡಲಾರೆ. ಏಕೆಂಬುದು ಮುಂದೆ ತಿಳಿಯುತ್ತದೆ.

ಕೆಲವು ವರ್ಷಗಳ ಹಿಂದೆ ನಾನು ಮುಂಡರಗಿಯ ಒಂದು ಪಿಯು ಕಾಲೇಜಿನಲ್ಲಿ ಉಪನ್ಯಾಸಕನಾಗಿದ್ದೆ. ಆ ಕಡೆ ಆಷಾಢದ ಗಾಳಿ ಕಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಕಪ್ಪತಗುಡ್ಡದ ಮೇಲೆ ಸಾಲುಸಾಲಾಗಿ ಗಾಳಿಯಂತ್ರ ನಿಲ್ಲಿಸಿದ್ದು ಸುಮ್ಮನೆ ಅಲ್ಲ. ಬೈಕಿನ ಮೇಲೆ ಹೋಗುವವರು ಗಾಳಿಗೆ ಎದುರಾಗಿ ಓರೆಯಾಗಿಯೇ ಹೋಗುತ್ತಾರೆ. ಒಣಹಾಕಿದ ಬಟ್ಟೆಯನ್ನು ಮೂರನೆಯ ಓಣಿಯಲ್ಲಿ ಹುಡುಕಬೇಕಾಗುತ್ತದೆ. ನಮ್ಮ ಪ್ರಯೋಗಾಲಯ ಕಾಲೇಜಿನ ಪಡುವಣ ತುದಿಯಲ್ಲಿತ್ತು. ಅದರ ಕಿಟಕಿಗಳೆಲ್ಲ ನೇರ ಗಾಳಿಯ ದಿಕ್ಕಿಗೆ.

ಗ್ಯಾಸ್ ಬರ್ನರಿನ ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ಅದೊಂದು ನೆಟ್ಟಗೆ ನಿಂತ ಕೊಳವೆ. ಕೆಳಗಿನಿಂದ ಗ್ಯಾಸ್ ಬರುತ್ತದೆ. ಕೊಳವೆಯ ಬುಡದಲ್ಲಿ ಒಂದು ತೂತು, ಅದರ ಸುತ್ತ ತಿರುಗುವ ಬಳೆ. ಬಳೆ ತಿರುಗಿಸಿ ತೂತು ತೆರೆದರೆ ಗ್ಯಾಸಿನ ಜೊತೆ ಗಾಳಿ ಬೆರೆತು ಉರಿ ನೀಲಿಯಾಗುತ್ತದೆ, ಭುಸುಗುಡುತ್ತದೆ, ಬಿಸಿಲಿನಲ್ಲಿ ಕಣ್ಣಿಗೇ ಕಾಣುವುದಿಲ್ಲ. ತೂತು ಮುಚ್ಚಿದರೆ ಉರಿ ಹಳದಿಯಾಗಿ, ಮೆತ್ತಗಾಗಿ, ದೇವರ ಮುಂದಿನ ದೀಪದಂತೆ ನಿಲ್ಲುತ್ತದೆ, ಮಸಿ ಬಿಡುತ್ತದೆ. ಜೋರು ಗಾಳಿ ಬೀಸಿದರೆ ಆರಿಹೋಗುತ್ತದೆ, ಇಲ್ಲವೆ ಪಟ್ಟನೆ ಕೊಳವೆಯೊಳಗೆ ಇಳಿದು ಬುಡದಲ್ಲೇ ಉರಿಯತೊಡಗುತ್ತದೆ. ಉರಿ ಏನು ಮಾಡಿದರೂ ಅದು ಗಾಳಿಯ ಕೆಲಸ. ಹೀಗೆಂದು ವರ್ಷವರ್ಷವೂ ಪಾಠ ಹೇಳಿದವನು ನಾನು.

ಆದ್ದರಿಂದ ಆಷಾಢ ಬಂತೆಂದರೆ ನಮ್ಮ ಕಾಲೇಜಿನಲ್ಲಿ ಒಂದು ಪದ್ಧತಿಯಿತ್ತು. ಪ್ರಯೋಗಾಲಯದ ಕಿಟಕಿಗಳ ಸಂದಿಗೆಲ್ಲ ಒದ್ದೆ ಗೋಣಿಚೀಲ ತುರುಕುವುದು, ಒಡೆದ ಗಾಜಿಗೆ ರಟ್ಟು ಬಡಿಯುವುದು, ಹೊಗೆ ಎಳೆಯುವ ಫ್ಯಾನಿನ ಕಿಂಡಿಯನ್ನೂ ಮುಚ್ಚುವುದು, ಬಾಗಿಲಿಗೆ ಹಳೆಯ ಜಮಖಾನೆ ಇಳಿಬಿಡುವುದು. ಇದು ತಪ್ಪು. ಬೆಂಕಿ ಉರಿಯುವ ಕೋಣೆಯನ್ನು ಹೀಗೆ ಮುಚ್ಚಬಾರದು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಮುಚ್ಚದಿದ್ದರೆ ಒಂದು ಬರ್ನರೂ ನಿಲ್ಲುತ್ತಿರಲಿಲ್ಲ. ನನಗಿಂತ ಮುಂಚಿನವರೂ ಹಾಗೆಯೇ ಮಾಡುತ್ತ ಬಂದಿದ್ದರು. ನಾನೂ ಮಾಡಿಸುತ್ತಿದ್ದೆ.

ಮಾಡುತ್ತಿದ್ದವರು ಫಕೀರವ್ವ. ಪ್ರಯೋಗಾಲಯದ ಅಟೆಂಡರ್. ಶಿರಹಟ್ಟಿಯ ತವರಿನವರು, ಗಂಡ ತೀರಿದ ಮೇಲೆ ಅವನ ನೌಕರಿ ಇವರಿಗೆ ಬಂದಿತ್ತು. ನನಗಿಂತ ವಯಸ್ಸಿನಲ್ಲಿ ಬಹಳ ಹಿರಿಯರು. ಮಾತು ಬಹಳ. ನನ್ನನ್ನು ಚೇಷ್ಟೆ ಮಾಡದೆ ಅವರಿಗೆ ದಿನ ಹೋಗುತ್ತಿರಲಿಲ್ಲ.

ಆ ದಿನ ಮಧ್ಯಾಹ್ನದ ತರಗತಿ ಮುಗಿದಿತ್ತು. ಮರುದಿನ ಹೊಸ ಮಕ್ಕಳಿಗೆ ಮೊದಲ ಪ್ರಯೋಗ. ಬರ್ನರುಗಳೆಲ್ಲ ಸರಿಯಾಗಿವೆಯೋ ನೋಡಬೇಕಿತ್ತು. ಕಾಲೇಜು ಬಿಟ್ಟು ಎಲ್ಲರೂ ಮನೆಗೆ ಹೋಗಿದ್ದರು. ಗಾಳಿಗೆ ಎಲ್ಲೋ ತಂತಿ ಹರಿದು ಕರೆಂಟಿರಲಿಲ್ಲ. ಫಕೀರವ್ವ ಗೋಣಿ ತುರುಕುತ್ತ ಅಂದರು, "ಅಲ್ರಿ ಸರ, ಧಾರವಾಡಕ್ಕ ಹೋಗಿ ಇಷ್ಟೆಲ್ಲ ಓದಿ ಬಂದ್ರಿ. ಗಾಳಿ ನಿಂದ್ರಸೂದೊಂದು ಕಲಿಸಲಿಲ್ಲೇನ್ರಿ ನಿಮಗ?"

"ಅದನ್ನ ಶಿರಹಟ್ಟ್ಯಾಗ ಕಲಸ್ತಾರಂತ ನಿಮ್ಮನ್ನ ಇಟಗೊಂಡೇವಿ" ಅಂದೆ.

"ಆತು ಬಿಡ್ರಿ. ಗೋಣಿಚೀಲದ ಎಂಎಸ್ಸಿ ನಂದು" ಎಂದು ನಕ್ಕರು. ಗೋಣಿಯ ಧೂಳು ಕೋಣೆಯ ತುಂಬ ಎದ್ದಿತ್ತು.

ಮೇಜುಗಳ ಮೇಲಿನ ಬರ್ನರುಗಳನ್ನು ಲೈಟರಿನಿಂದ ಒಂದೊಂದಾಗಿ ಹಚ್ಚಿದೆ. ಎಲ್ಲವೂ ಹತ್ತಿದವು. ತೂತು ಮುಚ್ಚಿ ಹಳದಿ ಉರಿಗೆ ಇಟ್ಟೆ. ಹೊರಗೆ ಗಾಳಿ ಕಿಟಕಿಯನ್ನು ಗುದ್ದುತ್ತಿತ್ತು, ಒಳಗೆ ಒಂದು ಕಾಗದ ಅಲ್ಲಾಡುತ್ತಿರಲಿಲ್ಲ. ಮಬ್ಬು ಕೋಣೆಯಲ್ಲಿ ಆ ಹಳದಿ ಉರಿಗಳ ಸಾಲು ಚೆಂದ ಕಾಣುತ್ತಿತ್ತು. ನಾನು ನೋಡುತ್ತ ನಿಂತೆ.

ಆಗ ಅವು ಬಾಗಿದವು. ಒಂದಲ್ಲ, ಎಲ್ಲವೂ, ಒಂದೇ ಕಡೆಗೆ, ಒಂದೇ ಸಲ. ಬಾಗಿ, ಮತ್ತೆ ನೆಟ್ಟಗಾದವು. ಮತ್ತೆ ಬಾಗಿದವು.

ಎಲ್ಲೋ ಸಂದಿಯಿದೆ ಎಂದುಕೊಂಡೆ. ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ಬಾಗಿಲ ಜಮಖಾನೆ ನೋಡಿದೆ. ಅದರ ಅಂಚೂ ಮಿಸುಕುತ್ತಿರಲಿಲ್ಲ. ಕೈ ತೊಳೆಯುವ ತೊಟ್ಟಿಗಳ ತೂತಿನಿಂದ ಗಾಳಿ ಬರುತ್ತಿರಬಹುದೆಂದು ಒದ್ದೆ ಬಟ್ಟೆ ತುರುಕಿದೆ. ಫಕೀರವ್ವ ಗೋಡೆಯ ಮೇಲಿನ ದೇವರ ಪಟಕ್ಕೆ ದಿನವೂ ಹಚ್ಚುತ್ತಿದ್ದ ಊದಿನಕಡ್ಡಿ ತರಿಸಿ, ಹೊತ್ತಿಸಿ, ಮೇಜುಗಳ ನಡುವೆ ಹಿಡಿದು ನಿಂತೆ. ಹೊಗೆ ದಾರ ಕಟ್ಟಿದಂತೆ ನೆಟ್ಟಗೆ ಮೇಲೆ ಹೋಯಿತು. ಆ ಕಡೆ ಈ ಕಡೆ ಉರಿಗಳು ಬಾಗುತ್ತಿದ್ದವು, ಏಳುತ್ತಿದ್ದವು. ನಡುವೆ ಹೊಗೆ ಮಾತ್ರ ನೆಟ್ಟಗೆ.

ಆ ಹೊಗೆಯ ಎಳೆ ನೋಡಿದಾಗ ನನಗೆ ಮೊದಲ ಸಲ ಅಂಜಿಕೆ ಬಂತು. ಗ್ಯಾಸಿನ ಒತ್ತಡ ಏರಿಳಿಯುತ್ತಿದ್ದರೆ ಉರಿ ಉದ್ದ ಗಿಡ್ಡ ಆಗಬೇಕು, ಬಾಗಬಾರದು. ಬಾಗಬೇಕಾದರೆ ಗಾಳಿ ಬೇಕು. ಗಾಳಿ ಇದ್ದರೆ ಹೊಗೆ ಬಾಗಬೇಕು.

ಇನ್ನು ಮುಂದಿನದನ್ನು ನನಗೆ ನೆನಪಿರುವಂತೆ ಬರೆಯುತ್ತೇನೆ. ಫಕೀರವ್ವ ಕೆಮ್ಮಿದರು. ಗೋಣಿಯ ಧೂಳಿಗೆ ಬಂದ ಒಣ ಕೆಮ್ಮು. ಆ ಕೆಮ್ಮಿನೊಂದಿಗೆ ಎಲ್ಲ ಉರಿಗಳೂ, ಕೋಣೆಯ ಆ ತುದಿಯ ಮೇಜಿನ ಮೇಲಿದ್ದದ್ದು ಕೂಡ, ಒಟ್ಟಿಗೆ ಕುಲುಕಿದವು. ನಾವಿಬ್ಬರೂ ಅದನ್ನು ನೋಡಿದೆವು. ಆ ಮೇಲೆ ನಾನು ಅವರ ಎದೆಯ ಏರಿಳಿತ ನೋಡಿದೆ, ಉರಿ ನೋಡಿದೆ. ಅವರು ಉಸಿರು ಎಳೆದಾಗ ಬಾಗುತ್ತಿದ್ದವು. ಬಿಟ್ಟಾಗ ನೆಟ್ಟಗಾಗುತ್ತಿದ್ದವು.

"ಒಂದೀಟು ಉಸಿರು ಹಿಡೀರಿ ನೋಡೂಣು" ಎಂಬ ಮಾತು ಆ ಕೋಣೆಯಲ್ಲಿ ಕೇಳಿಸಿತು. ನಾನೇ ಹೇಳಿದ್ದೆಂದು ನನ್ನ ನೆನಪು.

ಉಸಿರು ನಿಂತಿತು. ಉರಿಗಳೂ ನಿಂತವು. ಚಿತ್ರದಲ್ಲಿ ಬರೆದಂತೆ, ತುದಿ ಕೂಡ ಅಲ್ಲಾಡದೆ ನಿಂತವು. ಬರ್ನರಿನ ಹಳದಿ ಉರಿ ಎಷ್ಟೇ ಮುಚ್ಚಿದ ಕೋಣೆಯಲ್ಲೂ ಒಂದಿಷ್ಟು ನಡುಗುತ್ತಲೇ ಇರುತ್ತದೆ. ಬಿಸಿ ಗಾಳಿ ಮೇಲೇಳುವುದರಿಂದ ಹಾಗಾಗುತ್ತದೆ. ಅಷ್ಟೂ ನಡುಕವಿರಲಿಲ್ಲ. ಉಸಿರು ಬಿಟ್ಟ ಮೇಲೆಯೇ ಅವು ಮತ್ತೆ ಬದುಕಿದಂತೆ ಅಲುಗಿದವು.

ಪ್ರಯೋಗವನ್ನು ಮತ್ತೊಮ್ಮೆ ಮಾಡಿದೆವು. ಮತ್ತೊಮ್ಮೆ. ಅಷ್ಟರಲ್ಲಿ ಫಕೀರವ್ವನ ಮುಖದ ನಗೆ ಹೋಗಿತ್ತು. "ಸಾಕ್ರಿ ಸರ. ಇದು ಆಟ ಅಲ್ಲ" ಅಂದರು.

ಸಾಕೆಂದು ನನಗೂ ಅನ್ನಿಸಿತ್ತು. ಎಲ್ಲವನ್ನೂ ಆರಿಸಿ ಮನೆಗೆ ಹೋಗಿಬಿಡೋಣವೆಂದು ತುದಿಯ ಬರ್ನರಿಗೆ ಗ್ಯಾಸ್ ಬಿಡುವ ಕಾಕ್ ತಿರುಗಿಸಿದೆ. ಉರಿ ಆರಿತು. ಆ ಕ್ಷಣಕ್ಕೆ ಎದೆ ಹಿಡಿದುಕೊಂಡು ಗಿಡ್ಡ ಸ್ಟೂಲಿನ ಮೇಲೆ ಕುಸಿದು ಕುಳಿತದ್ದು, ಬಾಯಿ ತೆರೆದು ಗಾಳಿ ಹುಡುಕಿದ್ದು, ಹಣೆಯ ಮೇಲೆ ಬೆವರು. ಇದೆಲ್ಲ ನನ್ನ ನೆನಪಿನಲ್ಲಿ ಬಿಡಿಬಿಡಿಯಾಗಿ ಇದೆ, ಕೂಡಿಸಿದರೆ ಸರಿಯಾಗಿ ಕೂಡುವುದಿಲ್ಲ. ಆರಿಸಿದ ಬರ್ನರನ್ನು ಮತ್ತೆ ಹಚ್ಚಲಾಯಿತು. ಹಚ್ಚಿದ ಮೇಲೆ ಉಸಿರು ಸರಿಯಾಯಿತು.

ಈಗ ನಮ್ಮ ಸ್ಥಿತಿ ಹೇಗಿತ್ತೆಂದು ಯೋಚಿಸಿ ನೋಡಿ. ನನ್ನ ತಲೆ ಸಿಡಿಯುತ್ತಿತ್ತು, ಹೊಟ್ಟೆ ತೊಳಸುತ್ತಿತ್ತು. ಅದು ಏನೆಂದು ನನಗೆ ಗೊತ್ತಿತ್ತು. ಮುಚ್ಚಿದ ಕೋಣೆಯಲ್ಲಿ ಅಷ್ಟು ಹಳದಿ ಉರಿ. ಸಾಕಷ್ಟು ಗಾಳಿ ಸಿಗದೆ ಅರ್ಧಂಬರ್ಧ ಉರಿದ ಗ್ಯಾಸು ವಿಷವಾಗುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಇನ್ನೂ ಸ್ವಲ್ಪ ಹೊತ್ತು ಕುಳಿತರೆ ಇಬ್ಬರೂ ಅಲ್ಲೇ ಮಲಗುತ್ತೇವೆ, ಏಳುವುದಿಲ್ಲ. ಬಾಗಿಲು ತೆರೆಯಬೇಕು. ತೆರೆದರೆ ಹೊರಗಿನ ಗಾಳಿ ನುಗ್ಗಿ ಎಲ್ಲ ಉರಿಯನ್ನೂ ಒಂದೇ ಏಟಿಗೆ ಆರಿಸುತ್ತದೆ. ಒಂದು ಆರಿದ್ದಕ್ಕೆ ಹೀಗಾದರೆ ಎಲ್ಲ ಆರಿದರೆ ಏನು?

ಇದು ಮೂರ್ಖತನ ಎಂದು ನನಗೆ ನಾನೇ ಹೇಳಿಕೊಂಡೆ. ಉರಿ ಎಂಬುದು ವಸ್ತುವಲ್ಲ. ಅದು ನಡೆಯುತ್ತಿರುವ ಒಂದು ಕ್ರಿಯೆ. ಈ ಕ್ಷಣದ ಉರಿ ಮುಂದಿನ ಕ್ಷಣದ ಉರಿಯಲ್ಲ. ಹೊಸ ಗ್ಯಾಸು, ಹೊಸ ಗಾಳಿ. ಅದರೊಳಗೆ ಯಾರದೂ ಏನೂ ಇರಲು ಜಾಗವೇ ಇಲ್ಲ. ಇಷ್ಟೆಲ್ಲ ಸ್ಪಷ್ಟವಾಗಿ ಹೊಳೆಯುತ್ತಿತ್ತು, ಆದರೆ ಕಾಕಿನ ಮೇಲೆ ಇಟ್ಟ ಕೈ ತಿರುಗುತ್ತಿರಲಿಲ್ಲ. ಹಾಗೆ ನಾನು ಜೀವಮಾನದಲ್ಲಿ ಎಂದೂ ಹೆದರಿರಲಿಲ್ಲ. ಕತ್ತಲೆಯಲ್ಲಿ ಕಾಣದ್ದಕ್ಕೆ ಹೆದರುವುದು ಬೇರೆ. ಇಲ್ಲಿ ಎಲ್ಲವೂ ಕಾಣುತ್ತಿತ್ತು.

ಅಷ್ಟರಲ್ಲಿ ಉರಿಗಳು ಗಿಡ್ಡವಾಗತೊಡಗಿದವು. ಸಿಲಿಂಡರ್ ಮುಗಿಯುತ್ತ ಬಂದಿರಬೇಕು. ಬಾಗುವುದು ನಿಂತಿರಲಿಲ್ಲ; ಗಿಡ್ಡಾಗುತ್ತಲೇ ಬಾಗುತ್ತಿದ್ದವು, ಬೇಗಬೇಗ, ಓಡಿ ಬಂದವರ ಉಸಿರಿನಂತೆ.

ಫಕೀರವ್ವ ಎದ್ದರು. ಮೂಲೆಯಲ್ಲಿ ಬೆಂಕಿ ಆರಿಸಲೆಂದು ಇಟ್ಟ ಕೆಂಪು ಬಕೆಟ್ ಇತ್ತು, ಅರ್ಧ ಉಸುಕು ತುಂಬಿದ್ದು. ಅದನ್ನು ಎಳೆದು ತಂದರು. ಕಪಾಟಿನಿಂದ ಒಂದು ಸ್ಪಿರಿಟ್ ದೀಪ ತೆಗೆದು, ಅದರ ಬತ್ತಿಯನ್ನು ಬರ್ನರಿನ ಉರಿಗೆ ಹಿಡಿದು ಹೊತ್ತಿಸಿದರು. ಬಕೆಟ್ಟಿನ ಉಸುಕಿನೊಳಗೆ ದೀಪವನ್ನು ಊರಿ ನಿಲ್ಲಿಸಿದರು. ಉರಿ ಬಕೆಟ್ಟಿನ ಅಂಚಿಗಿಂತ ಎಷ್ಟೋ ಕೆಳಗೆ ಉಳಿಯಿತು.

"ನವರಾತ್ರ್ಯಾಗ ಘಟ್ಟದ ಮುಂದಿನ ಆರಬಾರದ ದೀಪ ಹಿಂಗ ಸರಸ್ತೇವ್ರಿ ನಾವು" ಅಂದರು. "ದೀಪಕ್ಕ ದೀಪ ಹಚ್ಚಿದ ಮ್ಯಾಲೆ ಹಳೇದು ಶಾಂತ ಮಾಡಿದ್ರ ಅದು ಆರಿದ್ಹಂಗಲ್ಲ. ಈಗ ಆರಸ್ರಿ."

"ಖರೇನ?"

"ನನಗೇನ ಗೊತ್ರಿ? ನಾ ಇದನ್ನ ಯಾವಾಗ ನೋಡೇನಿ? ಆರಸ್ರಿ ಜಲ್ದಿ."

ಒಂದೊಂದಾಗಿ ಆರಿಸಿದೆ. ಪ್ರತಿ ಸಲ ಕಾಕ್ ತಿರುಗಿಸುವಾಗಲೂ ಕಣ್ಣು ಮುಚ್ಚಿದೆ. ಏನೂ ಆಗಲಿಲ್ಲ. ಕೊನೆಯದು ಆರಿದಾಗ ಕೋಣೆಯಲ್ಲಿ ಬಕೆಟ್ಟಿನ ಬಾಯಿಯಿಂದ ಬರುವ ಬೆಳಕೊಂದೇ ಉಳಿಯಿತು. ಬಾಗಿಲು ತೆರೆದೆವು. ಜಮಖಾನೆ ಗಾಳಿಗೆ ಹಾರಿ ಮುಖಕ್ಕೆ ಬಡಿಯಿತು. ನಾನು ಕಟ್ಟೆಯ ಮೇಲೆ ಕುಳಿತು ವಾಂತಿ ಮಾಡಿಕೊಂಡೆ. ಫಕೀರವ್ವ ಬಕೆಟ್ಟಿನ ಮೇಲೆ ಬಾಗಿ, ಬೆನ್ನನ್ನು ಗಾಳಿಗೆ ಕೊಟ್ಟು, ಹಿಂದು ಹಿಂದಕ್ಕೆ ಹೆಜ್ಜೆ ಇಡುತ್ತ ತಮ್ಮ ಮನೆಯ ಓಣಿಗೆ ಹೋದರು. ಇನ್ನೂ ಪೂರ್ತಿ ಸಂಜೆಯಾಗಿರಲಿಲ್ಲ. ದಾರಿಯಲ್ಲಿ ಯಾರೋ "ಏನವಾ, ಬಕೀಟಿನ್ಯಾಗ ಮೀನ ಹಿಡಕೊಂಡು ಹೊಂಟಿ ಏನ?" ಎಂದು ಕೂಗಿದ್ದು ನನಗೆ ಕೇಳಿಸಿತು.

ಮರುದಿನ ಅವರು ಎಂದಿನಂತೆ ಬಂದರು. ದೀಪ ಮನೆಯ ಗೋಡೆಯಲ್ಲಿನ ದೇವರ ಮಾಡದಲ್ಲಿ ಇದೆ, ಎಣ್ಣೆಯ ದೀಪಕ್ಕೆ ಸರಿಸಿದ್ದೇನೆ ಎಂದಷ್ಟೇ ಹೇಳಿದರು. ನಾನು ತಲೆಯಾಡಿಸಿದೆ. ಮತ್ತೆ ಆ ಮಾತು ಬರಲಿಲ್ಲ.

ನಾನು ಮಾತ್ರ ಒಳಗೊಳಗೇ ವಿವರಣೆ ಕಟ್ಟಿಕೊಂಡೆ. ವಿಷಗಾಳಿ ಮಿದುಳಿಗೆ ಹೋದರೆ ಇಲ್ಲದ್ದು ಕಾಣುತ್ತದೆ, ನಡೆದದ್ದು ಹಿಂದುಮುಂದಾಗುತ್ತದೆ. ಉಸಿರು ಕಟ್ಟಿದ್ದೂ ಅದರಿಂದಲೇ, ಬರ್ನರ್ ಆರಿದ್ದಕ್ಕಲ್ಲ. ಕಾಕತಾಳೀಯ. ಆ ವರ್ಷದಿಂದ ಕಿಟಕಿ ಮುಚ್ಚುವುದನ್ನು ನಿಲ್ಲಿಸಿ ಬರ್ನರುಗಳ ಸುತ್ತ ತಗಡಿನ ಮರೆ ಮಾಡಿಸಿದೆ. ಒಂದು ದಿನ ನಾನೊಬ್ಬನೇ ಇದ್ದಾಗ, ಬಾಗಿಲ ಬಳಿ ನಿಂತು, ಕೋಣೆಯನ್ನು ಸ್ವಲ್ಪ ಹೊತ್ತು ಮಾತ್ರ ಮುಚ್ಚಿ ಮತ್ತೆ ಹಚ್ಚಿ ನೋಡಿದೆ. ಉರಿಗಳು ನಡುಗುತ್ತ ನಿಂತವು, ಎಲ್ಲ ಬರ್ನರಿನ ಉರಿಯಂತೆ. ಉಸಿರು ಹಿಡಿದೆ, ಬಿಟ್ಟೆ. ಏನೂ ಇಲ್ಲ. ಆ ದಿನ ಎಷ್ಟು ಹಗುರವಾಯಿತೆಂದರೆ, ಬಸ್ ಸ್ಟ್ಯಾಂಡಿನ ಹೋಟೆಲಿಗೆ ಹೋಗಿ ಗಿರಮಿಟ್ಟು, ಮಿರ್ಚಿ ತಿಂದು ಬಂದೆ. ಈಗ ಅನ್ನಿಸುತ್ತದೆ, ಉರಿ ಅಲ್ಲಿಂದ ಆಗಲೇ ಹೊರಟುಹೋಗಿತ್ತು, ಇನ್ನೇನು ಕಂಡೀತು? ಹೀಗೆ ಅನ್ನಿಸುವುದೇ ನನಗೆ ನಾಚಿಕೆ.

ಆಮೇಲೆ ನನಗೆ ಗದಗಿಗೆ ವರ್ಗವಾಯಿತು, ಬೆಟಗೇರಿಯಲ್ಲಿ ಮನೆ ಮಾಡಿದೆ. ಫಕೀರವ್ವ ನಿವೃತ್ತರಾದರು. ಆದರೆ ಆಷಾಢದ ಗಾಳಿ ಎದ್ದಾಗ ನಾನು ಏನಾದರೂ ನೆಪ ಮಾಡಿ ಅವರಿಗೆ ಫೋನ್ ಮಾಡುತ್ತಿದ್ದೆ. ಆ ದೀಪದ ಮೇಲೆ ಅವರ ಜೀವ ನಿಂತಿದೆ ಎಂದು ನಾನು ನಂಬಿರಲಿಲ್ಲ. ಆದರೂ ಫೋನ್ ಎತ್ತುವ ತನಕ ಸಮಾಧಾನವಿರುತ್ತಿರಲಿಲ್ಲ. "ದೀಪ ಐತೇನ್ರಿ?" ಎಂದು ಕೇಳುತ್ತಿದ್ದೆ. "ಐತ್ರಿ ಸರ. ನೀವು ಆರಾಮ ಅದೀರಿಲ್ರಿ?" ಎನ್ನುತ್ತಿದ್ದರು. ಪ್ರತಿ ಸಲವೂ ಅದನ್ನೇ, ಸ್ವಲ್ಪ ಒತ್ತಿ ಕೇಳುತ್ತಿದ್ದರು. ಸೌಜನ್ಯಕ್ಕೆ ಕೇಳುತ್ತಾರೆ ಎಂದುಕೊಂಡಿದ್ದೆ.

ಕಳೆದ ವರ್ಷ ಅವರೇ ಫೋನ್ ಮಾಡಿದರು. ಕಣ್ಣಿನ ಪೊರೆ ತೆಗೆಸಲು ಹುಬ್ಬಳ್ಳಿಗೆ ಹೋಗಬೇಕು, ಆಮೇಲೆ ಲಕ್ಷ್ಮೇಶ್ವರದ ಮಗಳ ಮನೆಯಲ್ಲೇ ಉಳಿಯುತ್ತೇನೆ, ಮುಂಡರಗಿಯ ಮನೆಗೆ ಬೀಗ ಬೀಳುತ್ತದೆ, ಒಮ್ಮೆ ಬಂದು ಹೋಗಿ ಅಂದರು. ಭಾನುವಾರ ಕಾರು ತೆಗೆದುಕೊಂಡು ಹೋದೆ.

ದೀಪ ಮಾಡದಲ್ಲಿ ಉರಿಯುತ್ತಿತ್ತು. ಮಾಡದ ಕಲ್ಲು ಮಸಿ ಹಿಡಿದು ಕರ್ರಗಾಗಿತ್ತು. ಫಕೀರವ್ವ ಚಹಾ ಕೊಟ್ಟರು. ನಾನು ಉಪಾಯವಾಗಿ ಮಾತು ತೆಗೆದೆ. "ಇಷ್ಟು ವರ್ಷ ಕಾದ್ರಿ. ಆ ದಿನ ಕೋಣ್ಯಾಗ ಗಾಳಿ ಕೆಟ್ಟಿತ್ತು, ಅದಕ್ಕ ನಿಮಗ ಉಸಿರು ಕಟ್ಟಿದ್ದು. ದೀಪ ಶಾಂತ ಮಾಡ್ರಿ ಈಗ. ನಿಮಗೇನೂ ಆಗೂದಿಲ್ಲ."

ಅವರು ನನ್ನ ಕಡೆ ತಿರುಗಿದರು. ಪೊರೆ ಬಂದ ಕಣ್ಣು, ನನ್ನ ಮುಖ ಸರಿಯಾಗಿ ಕಾಣುತ್ತಿತ್ತೋ ಇಲ್ಲವೋ.

"ನನಗೇನಾಗತೈತ್ರಿ ಸರ? ಅವು ನಿಮ್ಮ ಉಸಿರಿಗಲ್ಲೇನ್ರಿ ಬಾಗಿದ್ದು?"

ನನಗೆ ಅರ್ಥವಾಗಲಿಲ್ಲ. ಅವರು ಸಾವಕಾಶ ಹೇಳಿದರು. ಗೋಣಿಯ ಧೂಳಿಗೆ ಕೆಮ್ಮಿದವನು ನಾನು. ಉಸಿರು ಹಿಡಿಯಿರಿ ನೋಡೋಣ ಎಂದದ್ದು ಅವರು. ತುದಿಯ ಬರ್ನರ್ ಆರಿಸಿ, ಎದೆ ಹಿಡಿದುಕೊಂಡು ಸ್ಟೂಲಿನ ಮೇಲೆ ಕುಸಿದವನೂ ನಾನೇ.

"ಮತ್ತ ಹಚ್ಚಿದವ್ರು ಯಾರು? ನಾನ ಅಲ್ಲೇನು?" ಅಂದೆ.

"ನಿಮ್ಮ ಕೈ ಎಲ್ಲಿ ಎದ್ದಿದ್ವರಿ? ತುಟಿ ನೀಲಿ ಆಗಿದ್ವು. ನಾ ಹಚ್ಚಿದೆ, ಊದಿನಕಡ್ಡಿಗಿ ಇಟ್ಟ ಬೆಂಕಿಪೆಟ್ಟಿಗಿ ತಗೊಂಡು."

"ಇಷ್ಟು ದಿನ ಯಾಕ ಹೇಳಲಿಲ್ಲ?"

"ನಿಮಗ ಗೊತ್ತೈತಿ ಅಂತ ತಿಳದಿದ್ದೆ. ವರ್ಷಾ ವರ್ಷಾ ನೀವ ಫೋನ್ ಮಾಡಿ ದೀಪ ಐತೇನ ಅಂತ ಕೇಳ್ತೀರಿ. ನಂಬೂದಿಲ್ಲ ಅಂತಾರ, ಆದ್ರೂ ಜೀವದ ಆಸೆ ಎಲ್ಲಾರಿಗೂ ಐತಿ ಬಿಡು ಅಂತ ನಾ ಮನಸ್ನ್ಯಾಗ ನಗತಿದ್ದೆ." ಈಗ ನಗಲಿಲ್ಲ. "ನಾ ಮಗಳ ಮನಿಗಿ ಹೋದ್ರ ಎಣ್ಣಿ ಹಾಕಾವ್ರು ಯಾರ್ರಿ? ಅದಕ್ಕ ಕರದೆ."

ನಾನು ವಾದ ಮಾಡಲು ಬಾಯಿ ತೆರೆದೆ. ಅವರೂ ಅದೇ ಕೋಣೆಯಲ್ಲಿ ಅದೇ ಗಾಳಿ ಕುಡಿದವರು. ನನ್ನ ನೆನಪು ಕೆಟ್ಟಿದ್ದರೆ ಅವರದೂ ಕೆಟ್ಟಿರಬಹುದು. ವಯಸ್ಸೂ ಆಗಿದೆ. ಇಬ್ಬರು ಅಮಲಿನಲ್ಲಿದ್ದ ಸಾಕ್ಷಿಗಳಲ್ಲಿ ಒಬ್ಬರನ್ನೇ ಏಕೆ ನಂಬಬೇಕು? ಹೀಗೆಲ್ಲ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಒಂದು ಸಂಗತಿ ಹೊಳೆಯಿತು. ಬರ್ನರ್ ಮತ್ತೆ ಹಚ್ಚಿದ ಆ ಗಳಿಗೆಯನ್ನು ನೆನೆದಾಗಲೆಲ್ಲ ನನಗೆ ಬೆಂಕಿಕಡ್ಡಿ ಗೀರಿದ ವಾಸನೆ ಬರುತ್ತದೆ. ನಾನು ಯಾವಾಗಲೂ ಬಳಸುತ್ತಿದ್ದದ್ದು ಲೈಟರ್. ಇನ್ನೊಂದು, ಆ ಗಳಿಗೆಯ ಚಿತ್ರದಲ್ಲಿ ಮೇಜಿನ ಅಂಚು ನನ್ನ ಕಣ್ಣಿನ ಮಟ್ಟಕ್ಕಿದೆ. ಕಾಕ್ ತಿರುಗಿಸಿ ನಿಂತವನಿಗೆ ಮೇಜು ಹಾಗೆ ಕಾಣುವುದಿಲ್ಲ. ಕುಸಿದು ಕುಳಿತವನಿಗೆ ಕಾಣುತ್ತದೆ.

ಆರಿಸಿಬಿಡಬಹುದಿತ್ತು. ಮಾಡದ ಮುಂದೆ ಎದ್ದು ನಿಂತೆ ಕೂಡ. ಫಕೀರವ್ವ ತಡೆಯಲಿಲ್ಲ. "ನಿಮ್ದು, ನೀವ ನೋಡ್ರಿ" ಅಂದರು. ಆಮೇಲೆ ಕಂದೀಲು ಇದೆಯೇ ಎಂದು ಕೇಳಿದೆ.

ಮುಂಡರಗಿಯಿಂದ ಗದಗಿನವರೆಗೆ ಕಾರಿನ ಗಾಜು ಇಳಿಸಲಿಲ್ಲ. ಉರಿಗೆ ಗಾಳಿ ತಾಗಬಾರದು. ನನಗೂ ಉಸಿರಾಡಲು ಗಾಳಿ ಬೇಕು. ನಡುವೆ ಎರಡು ಮೂರು ಕಡೆ ರಸ್ತೆ ಪಕ್ಕ ಮರೆ ನೋಡಿ ನಿಲ್ಲಿಸಿ, ಕಂದೀಲಿಗೆ ಬೆನ್ನು ಅಡ್ಡ ಕೊಟ್ಟು ಬಾಗಿಲು ತೆರೆದು ಕುಳಿತೆ. ಗುಡ್ಡದ ಮೇಲಿನ ಯಂತ್ರಗಳು ಜೋರಾಗಿ ತಿರುಗುತ್ತಿದ್ದವು.

ಈಗ ಅದು ನಮ್ಮ ಮನೆಯ ಹಿಂದಿನ ಸಣ್ಣ ಕೋಣೆಯಲ್ಲಿದೆ. ಕೋಣೆಗೆ ಮೇಲೊಂದು ಕಿಂಡಿ ಬಿಡಿಸಿದ್ದೇನೆ, ಗಾಳಿ ಕೆಡಬಾರದೆಂದು. ಕಿಂಡಿಗೆ ಅಡ್ಡ ತಗಡು ಹಾಕಿಸಿದ್ದೇನೆ, ಗಾಳಿ ಹೊಡೆಯಬಾರದೆಂದು. ಹೆಂಡತಿಗೆ ಅರ್ಧ ಮಾತ್ರ ಹೇಳಿದ್ದೇನೆ. "ದೇವರ ಮನಿ ಹೊಸ್ತಿಲಾ ದಾಟದ ಮನುಷ್ಯಾ, ಈಗ ಎದ್ದ ಕೂಡ್ಲೆ ಎಣ್ಣಿ ಹಾಕಾಕ ಹೊಂಟಾನ" ಎಂದು ಆಕೆ ತವರಿನವರ ಮುಂದೆ ನಗುತ್ತಾಳೆ. ನಾವು ಇಬ್ಬರೂ ಕೂಡಿ ಊರು ಬಿಟ್ಟು ಹೋಗುವುದು ನಿಂತಿದೆ.

ನೀವು ಕೇಳಬಹುದು, ಪರೀಕ್ಷೆ ಮಾಡಲು ಏನು ಅಡ್ಡಿ ಎಂದು. ದೀಪದ ಮುಂದೆ ಕುಳಿತು ಒಂದಿಷ್ಟು ಹೊತ್ತು ಉಸಿರು ಹಿಡಿದರೆ ಸಾಕು. ಉರಿ ನಡುಗುತ್ತಿದ್ದರೆ ಎಲ್ಲವೂ ಸುಳ್ಳು, ಅದೇ ಗಳಿಗೆ ಊದಿ ಆರಿಸಿ ಫ್ಯಾನು ಹಾಕಿ ಮಲಗಬಹುದು. ಇಷ್ಟು ಸುಲಭದ ಪ್ರಯೋಗವನ್ನು ನಾನು ಇದುವರೆಗೆ ಮಾಡಿಲ್ಲ. ನಿಲ್ಲದೆ ನಡುಗೀತು ಎಂದು ನನಗೆ ಬಹುಮಟ್ಟಿಗೆ ಖಾತ್ರಿಯಿದೆ. ನಿಂತುಬಿಟ್ಟರೆ ಆಮೇಲೆ ನಾನು ಮತ್ತೆ ಹೇಗೆ ಉಸಿರು ಬಿಡಲಿ ಎಂಬುದು ಗೊತ್ತಿಲ್ಲ.

ಆದ್ದರಿಂದ ಮುಖ ಪಕ್ಕಕ್ಕೆ ತಿರುಗಿಸಿ ಎಣ್ಣೆ ಹಾಕಿ ಬರುತ್ತೇನೆ. ನಿನ್ನೆ ಹಾಕುವಾಗ ಧೂಳಿಗೋ ಏನೋ ಕೆಮ್ಮು ಬಂತು. ಬಾಯಿಗೆ ಕೈ ಅಡ್ಡ ಹಿಡಿದು ಕೋಣೆಯಿಂದ ಹೊರಗೆ ಓಡಿ ಬಂದೆ, ಗೋಡೆಯ ಮೇಲೆ ಬೆಳಕು ಕುಲುಕಿತೋ ಇಲ್ಲವೋ ನೋಡಲಿಲ್ಲ.